ಕೆಳಗಿನ ಧ್ವನಿಗಳಿಗೆ ಕಿವಿಗೊಟ್ಟು

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಬ್ರಯನ್ ವಿಲ್ಸನ್ ಮತ್ತು ಅವರ ಬೀಚ್ ಬಾಯ್ಸ್ ಎಂಬ ಅಮೆರಿಕದ ಗಾಯಕರ ತಂಡದ ಬಗ್ಗೆ ತಾವು ಬರೆದ ಪುಟ ಓದಿದೆ. ಮೂವತ್ತು ವರ್ಷ ಸಂಗೀತ ಪಾಠ ಹೇಳಿದವಳು ನಾನು. ಮೊಮ್ಮಗನ ಮೊಬೈಲಿನಲ್ಲಿ ನಾಲ್ಕಾರು ಹಾಡು ಹಾಕಿಸಿಕೊಂಡು ಕೇಳಿದೆ. ಸಮುದ್ರದ ಅಲೆ, ಕಾರು, ಹುಡುಗಿಯರು. ಗಂಡಸರು ಕಳ್ಳ ಶಾರೀರದಲ್ಲಿ, ಹೆಣ್ಣಿನಂಥ ತೆಳು ದನಿಯಲ್ಲಿ ಹಾಡುತ್ತಾರೆ. ಎರಡೂವರೆ ನಿಮಿಷಕ್ಕೆ ಹಾಡು ಮುಗಿಯುತ್ತದೆ. ವಾದ್ಯಗಳನ್ನು ಕೂಡ ಬೇರೆಯವರೇ ನುಡಿಸಿದ್ದಾರೆಂದು ಮೊಮ್ಮಗ ಹೇಳಿದ. ಇದರಲ್ಲಿ ತಮಗೆ ಕಂಡ ದೊಡ್ಡತನ ಯಾವುದು? ಹರೆಯದ ನೆನಪಿನ ಸವಿಯನ್ನೇ ಸಂಗೀತದ ಸವಿಯೆಂದು ತಾವು ತಿಳಿದಿರಬಹುದೇ?’

– ನಿವೃತ್ತ ಸಂಗೀತ ಶಿಕ್ಷಕಿ, ಶಿವಮೊಗ್ಗ

ಮಾನ್ಯರೇ,

ತಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೆಯೇ ಇದೆ. ಹಾಡುಗಳನ್ನು ಕೇಳಿ ನೋಡಿ, ಆಮೇಲೆ ಆಕ್ಷೇಪ ಎತ್ತಿದ್ದೀರಿ. ಅಂಥ ಆಕ್ಷೇಪಕ್ಕೆ ನಾಲ್ಕು ಸಾಲಿನಲ್ಲಿ ಉತ್ತರಿಸಿದರೆ ಅದು ಅವಿನಯವಾದೀತು. ಹಾಗಾಗಿ ಈ ತಿಂಗಳು ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಪುಟವನ್ನೆಲ್ಲ ತಮಗೇ ಮೀಸಲಿಟ್ಟಿದ್ದೇನೆ.

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಹರೆಯದಲ್ಲಿ ನನಗೆ ಈ ತಂಡ ಇಷ್ಟವೇ ಆಗಿರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳೆಯ ಇವರ ಕ್ಯಾಸೆಟ್ ಹಾಕಿದಾಗಲೆಲ್ಲ ನಾನು ಪುಸ್ತಕ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ತಾವು ಇಂದು ಬರೆದಿರುವುದನ್ನೇ ನಾನು ಅಂದು ಅವನಿಗೆ ಹೇಳಿದ್ದೆ. ಇವರು ನನ್ನ ಹತ್ತಿರ ಬಂದದ್ದು ನಲವತ್ತು ದಾಟಿದ ಮೇಲೆ. ಒಂದು ರಾತ್ರಿ ಕಚೇರಿಯಲ್ಲಿ ಕರಡು ತಿದ್ದುತ್ತ ಕುಳಿತಿದ್ದಾಗ ಪುಟವಿನ್ಯಾಸ ಮಾಡುವ ಹುಡುಗ ತನ್ನ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟ. ಇವರ ‘ಪೆಟ್ ಸೌಂಡ್ಸ್’ ಆಲ್ಬಂ ತಯಾರಾದ ಬಗೆಯನ್ನು ತೋರಿಸುವ ಧ್ವನಿಮುದ್ರಣಗಳ ಸಂಪುಟವೊಂದು 1997ರಲ್ಲಿ ಹೊರಬಂದಿದೆ. ಅದರಲ್ಲಿ ವಾದ್ಯಗಳನ್ನೆಲ್ಲ ತೆಗೆದುಹಾಕಿ ಕಂಠಗಳನ್ನಷ್ಟೇ ಉಳಿಸಿರುವ ಒಂದು ಭಾಗವಿದೆ. ನಾನು ಕೇಳಿದ್ದು ಅದನ್ನು. ತಬಲೆಯಿಲ್ಲ, ತಂಬೂರಿಯಿಲ್ಲ ಎನ್ನುತ್ತೇವಲ್ಲ, ಹಾಗೆ ಯಾವ ಆಸರೆಯೂ ಇಲ್ಲದೆ ನಾಲ್ಕೈದು ಗಂಡು ಧ್ವನಿಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತಿದ್ದವು. ಆ ರಾತ್ರಿ ಕರಡು ಹಾಗೆಯೇ ಉಳಿಯಿತು.

ಈಗ ಮೊಬೈಲಿನ ವಿಷಯ. ಅಂಗೈಯಗಲದ ಆ ಯಂತ್ರದ ಸ್ಪೀಕರಿನಲ್ಲಿ ಮಂದ್ರದ ಧ್ವನಿಗಳು ಸರಿಯಾಗಿ ಮೂಡುವುದೇ ಇಲ್ಲ. ಮೇಲಿನ ತಾರದ ಧ್ವನಿಯಷ್ಟೇ ಎದ್ದು ಬರುತ್ತದೆ. ತಮಗೆ ಕಳ್ಳ ಶಾರೀರವೊಂದೇ ಕೇಳಿಸಿದ್ದರೆ ಅದು ತಮ್ಮ ಕಿವಿಯ ದೋಷವಲ್ಲ. ಬೇರೆ ಯಾವ ತಂಡವಾಗಿದ್ದರೂ ಇದನ್ನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಇವರ ಸಂಗೀತದ ಜೀವ ಇರುವುದೇ ಕೆಳಗಿನ ಮತ್ತು ನಡುವಿನ ಧ್ವನಿಗಳಲ್ಲಿ.

ಆ ಧ್ವನಿಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಾಸ್ ಏಂಜಲೀಸ್ ಪಕ್ಕದ ಹಾಥಾರ್ನ್ ಎಂಬ ಊರಿನಲ್ಲಿ ವಿಲ್ಸನ್ ಕುಟುಂಬದ ಪುಟ್ಟ ಮನೆ. ಬ್ರಯನ್, ಡೆನಿಸ್, ಕಾರ್ಲ್ ಎಂಬ ಮೂವರು ಮಕ್ಕಳಿಗೆ ಮಲಗಲು ಒಂದೇ ಕೋಣೆ. ತಂದೆ ಮರ್ರಿ ಹಾಡು ಬರೆದು ಹೆಸರು ಮಾಡಬೇಕೆಂಬ ಹಂಬಲ ಕೈಗೂಡದ ಮನುಷ್ಯ. ಮಕ್ಕಳಿಗೆ ಹೊಡೆಯುತ್ತಿದ್ದರು. ಹಿರಿಯ ಮಗ ಬ್ರಯನ್‌ಗೆ ಬಲಗಿವಿ ಬಹುತೇಕ ಕೇಳಿಸುತ್ತಿರಲಿಲ್ಲ. ಈ ಹುಡುಗ ರಾತ್ರಿ ದೀಪ ಆರಿದ ಮೇಲೆ ತಮ್ಮಂದಿರಿಗೆ ಹಾಡು ಕಲಿಸುತ್ತಿದ್ದ. ನೀನು ಈ ಸ್ವರ ಹಿಡಿ, ನೀನು ಇದನ್ನು ಹಿಡಿ ಎಂದು ಇಬ್ಬರಿಗೂ ಬೇರೆ ಬೇರೆ ಪಾಠ. ಕಲಿಯಲು ಅವರಿಗೆ ಸ್ವಲ್ಪ ಸಮಯ ಹಿಡಿಯಿತು. ಕಲಿತ ಮೇಲೆ ಪ್ರತಿ ರಾತ್ರಿ ಅದೇ ಹಾಡು. ಅದರಿಂದ ತಮಗೆ ನೆಮ್ಮದಿ ಸಿಗುತ್ತಿತ್ತು ಎಂದು ಬ್ರಯನ್ ಮುಂದೆ ನೆನಪಿಸಿಕೊಂಡಿದ್ದಾನೆ. (ನಾನು ಅವನನ್ನು ಏಕವಚನದಲ್ಲಿ ಕರೆಯುವುದನ್ನು ತಾವು ಅಗೌರವವೆಂದು ತಿಳಿಯಬಾರದು. ದೇವರನ್ನೂ ಕವಿಯನ್ನೂ ನಾವು ಹಾಗೆಯೇ ಕರೆಯುತ್ತೇವೆ.)

1963ರಲ್ಲಿ ‘ಇನ್ ಮೈ ರೂಮ್’ ಎಂಬ ಹಾಡನ್ನು ಮುದ್ರಿಸುವಾಗ ಮೊದಲ ಚರಣಕ್ಕೆ ಬ್ರಯನ್ ತನ್ನ ಇಬ್ಬರು ತಮ್ಮಂದಿರನ್ನು ಮಾತ್ರ ಇಟ್ಟುಕೊಂಡ. ಆ ಮಲಗುವ ಕೋಣೆಯಲ್ಲಿ ಹೇಗೆ ಹಾಡುತ್ತಿದ್ದರೋ ಹಾಗೆಯೇ. ಒಂದೇ ತಾಯಿಯ ಮಕ್ಕಳ ಕಂಠದಲ್ಲಿ ಒಂದು ಹೊಂದಿಕೆ ಇರುತ್ತದೆ. ಫೋನಿನಲ್ಲಿ ನನ್ನ ತಮ್ಮ ಮಾತನಾಡಿದರೆ ನಾನೇ ಎಂದುಕೊಂಡು ನನ್ನ ಹೆಂಡತಿ ಉತ್ತರ ಕೊಟ್ಟಿದ್ದುಂಟು. ಉಸಿರು ಬಿಡುವ ರೀತಿ, ಅಕ್ಷರವನ್ನು ನಾಲಿಗೆಯ ಮೇಲೆ ಹೊರಳಿಸುವ ರೀತಿ ಮನೆಯಿಂದಲೇ ಬಂದಿರುತ್ತದೆ. ಬೇರೆ ಬೇರೆ ಸ್ವರ ಹಿಡಿದಾಗಲೂ ಮೂರು ಧ್ವನಿಗಳ ಅಂಚು ಒಂದಕ್ಕೊಂದು ಕೂಡಿಕೊಳ್ಳುವುದು ಇದರಿಂದ. ಸಮುದ್ರ, ಕಾರು ಯಾವುದೂ ಈ ಹಾಡಿನಲ್ಲಿಲ್ಲ. ಹೊರಗಿನ ಭಯವನ್ನೆಲ್ಲ ಬಾಗಿಲಾಚೆ ಬಿಟ್ಟು ಕೋಣೆಯೊಳಗೆ ಕುಳಿತ ಹುಡುಗನೊಬ್ಬನ ಮಾತು ಅದು. ಆ ಮನೆಯ ಕಥೆ ತಿಳಿದ ಮೇಲೆ ಕೇಳಿದರೆ ಗಂಟಲು ಕಟ್ಟುತ್ತದೆ.

ತಂಡದಲ್ಲಿ ಇದ್ದವರು ಐವರು. ಮೂವರು ಸೋದರರು, ಸೋದರ ಸಂಬಂಧಿ ಮೈಕ್ ಲವ್ ಮತ್ತು ಸಹಪಾಠಿ ಆಲ್ ಜಾರ್ಡಿನ್. ಕೆಳಗೆ ಮೈಕ್‌ನ ಮಂದ್ರ. ಮೇಲೆ ಬ್ರಯನ್. ನಡುವೆ ಕಾರ್ಲ್‌ನ ಮೃದುವಾದ, ಆಲ್‌ನ ನಿಚ್ಚಳವಾದ ಮತ್ತು ಡೆನಿಸ್‌ನ ಸ್ವಲ್ಪ ಒರಟಾದ ಕಂಠಗಳು. ಬೀಚ್ ಬಾಯ್ಸ್ ಎಂಬ ಹೆಸರು ಕೂಡ ಇವರದಲ್ಲ. 1961ರಲ್ಲಿ ಮೊದಲ ಹಾಡು ಮುದ್ರಿಸಿದ ಕಂಪನಿ ಇವರನ್ನು ಕೇಳದೆಯೇ ಅಚ್ಚು ಹಾಕಿಸಿದ ಹೆಸರು ಅದು. ಐವರಲ್ಲಿ ಅಲೆಯ ಮೇಲೆ ಹಲಗೆ ಹಾಯಿಸಬಲ್ಲವನು ಡೆನಿಸ್ ಒಬ್ಬನೇ. ಸಮುದ್ರದ ಮೇಲೆ ಹಾಡು ಬರೆಯುವ ಯೋಚನೆ ಬ್ರಯನ್‌ಗೆ ಬಂದದ್ದೂ ಈ ತಮ್ಮನಿಂದಲೇ.

ಕಳ್ಳ ಶಾರೀರದ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಅದನ್ನು ದೋಷವೆನ್ನಲು ಕಾರಣವಿದೆ. ಗಾಯಕ ತಾರಸ್ಥಾಯಿಯನ್ನು ದುಡಿದು ಮುಟ್ಟಬೇಕು, ಕಂಠ ಬದಲಿಸಿ ನುಸುಳಬಾರದು ಎಂಬುದು ನಮ್ಮ ಶಿಸ್ತು. ಅಮೆರಿಕದ ಗುಂಪುಗಾಯನದಲ್ಲಿ ಅದು ಒಂದು ಪ್ರತ್ಯೇಕ ಸ್ಥಾನ. ಬೀದಿ ಮೂಲೆಯಲ್ಲಿ ನಿಂತು ಹಾಡುತ್ತಿದ್ದ ಕಪ್ಪು ಯುವಕರ ತಂಡಗಳಲ್ಲಿ ಮೇಲಿನ ಆ ಧ್ವನಿಗೆಂದೇ ಒಬ್ಬ ಇರುತ್ತಿದ್ದ. ಬ್ರಯನ್ ಅಲ್ಲಿಂದಲೂ ಕಲಿತ, ಫೋರ್ ಫ್ರೆಶ್‌ಮೆನ್ ಎಂಬ ಜಾಜ್ ಗಾಯಕರ ತಂಡದಿಂದ ಇನ್ನೂ ಹೆಚ್ಚು ಕಲಿತ. ಅವರ ರೆಕಾರ್ಡನ್ನು ಸ್ವಲ್ಪ ಕೇಳುವುದು, ನಿಲ್ಲಿಸುವುದು, ನಾಲ್ವರಲ್ಲಿ ಯಾರು ಯಾವ ಸ್ವರ ಹಿಡಿದಿದ್ದಾರೆಂದು ವಾದ್ಯದ ಮೇಲೆ ಹುಡುಕಿ ತೆಗೆಯುವುದು, ಮತ್ತೆ ಮುಂದಿನ ತುಣುಕು. ಹದಿನಾರನೇ ಹುಟ್ಟುಹಬ್ಬಕ್ಕೆ ಟೇಪ್ ರೆಕಾರ್ಡರ್ ಸಿಕ್ಕ ಮೇಲೆ ಮನೆಯವರ ಧ್ವನಿಗಳನ್ನೇ ಕೂಡಿಸಿ ಪ್ರಯೋಗ. ಗುರುವಿನ ಎದುರು ಕುಳಿತು ಒಂದೊಂದು ಸಂಗತಿಯನ್ನೂ ನೂರು ಸಲ ತಿದ್ದಿಸಿಕೊಳ್ಳುವ ಶಿಷ್ಯನ ಶ್ರದ್ಧೆಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಗುರು ಮಾತ್ರ ತಿರುಗುವ ತಟ್ಟೆಯಲ್ಲಿದ್ದ. ಶಿಷ್ಯನಿಗೆ ಇದ್ದದ್ದು ಒಂದೇ ಕಿವಿ.

ರಾಗವೆಲ್ಲಿದೆ ಎಂದು ತಾವು ನೇರವಾಗಿ ಕೇಳಿಲ್ಲ. ಆದರೂ ಆ ಪ್ರಶ್ನೆ ಪತ್ರದೊಳಗೆ ಇದೆ. ನಾನು ಕಂಡುಕೊಂಡ ದಾರಿಯನ್ನು ಹೇಳುತ್ತೇನೆ. ನಮ್ಮಲ್ಲಿ ತಂಬೂರಿಯ ಷಡ್ಜ ಅಲುಗುವುದಿಲ್ಲ. ಆ ಸ್ಥಿರತೆಯ ಮೇಲೆಯೇ ರಾಗ ಬೆಳೆಯುತ್ತದೆ. ಆದರೆ ಗ್ರಹಭೇದವನ್ನು ತಾವು ವಿದ್ಯಾರ್ಥಿಗಳಿಗೆ ಮಾಡಿ ತೋರಿಸಿರುತ್ತೀರಿ. ಮೋಹನದ ರಿಷಭವನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಹಿಂದೋಳ. ಸ್ವರಗಳು ಅವೇ, ನಿಂತ ನೆಲ ಬೇರೆ. ನೆಲ ಬದಲಾದ ಆ ಕ್ಷಣದಲ್ಲಿ ಸಭೆಯಲ್ಲಿ ಕುಳಿತವರ ಮೈ ಜುಮ್ಮೆನ್ನುತ್ತದೆ. ಹಲವು ಧ್ವನಿಗಳು ಬೇರೆ ಬೇರೆ ಸ್ವರ ಹಿಡಿದು ಕೂಡಿ ಹಾಡುವ ಹಾರ್ಮನಿ ಎಂದರೆ ಕ್ಷಣಕ್ಷಣಕ್ಕೂ ನಡೆಯುತ್ತಲೇ ಇರುವ ಗ್ರಹಭೇದ ಎಂದು ನಾನು ತಿಳಿದುಕೊಂಡೆ. ಮೇಲೆ ಹಾಡುವವನು ಒಂದೇ ಸ್ವರದಲ್ಲಿ ನಿಂತಿರುತ್ತಾನೆ. ಕೆಳಗಿನ ಧ್ವನಿಗಳು ಸರಿದ ಕೂಡಲೇ ಅದೇ ಸ್ವರಕ್ಕೆ ಬೇರೆ ಮುಖ ಬರುತ್ತದೆ, ಸಂತೋಷದಲ್ಲಿದ್ದದ್ದು ಅಳುಕಿಗೆ ತಿರುಗುತ್ತದೆ. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವರು ಈ ಹೋಲಿಕೆಯನ್ನು ಪೂರ್ತಿ ಒಪ್ಪಲಿಕ್ಕಿಲ್ಲ. ನನ್ನ ಕಿವಿಗೆ ಬಾಗಿಲು ತೆರೆದದ್ದು ಇದೇ.

ಇದಕ್ಕೆ ನನ್ನ ಉದಾಹರಣೆ 1966ರ ಮೇ 16ರಂದು ಬಿಡುಗಡೆಯಾದ ‘ಪೆಟ್ ಸೌಂಡ್ಸ್’ನಲ್ಲಿರುವ ‘ಗಾಡ್ ಓನ್ಲಿ ನೋಸ್’. ಸದಾ ಪ್ರೀತಿಸುತ್ತೇನೆ ಎಂಬ ಮಾತು ಕೊಡಲು ಹಿಂಜರಿಯುತ್ತಲೇ ಆರಂಭವಾಗುವ ಪ್ರೇಮಗೀತೆ ಇದು. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಟೋನಿ ಆಶರ್ ಎಂಬ ಯುವಕ ಬ್ರಯನ್ ಜೊತೆ ಕುಳಿತು ಮಾತು ಬರೆದ. ಈ ಹಾಡಿನ ಆಧಾರಶ್ರುತಿ ಯಾವುದೆಂದು ಸಂಗೀತ ಪಂಡಿತರು ಇಂದಿಗೂ ಚರ್ಚೆ ಮಾಡುತ್ತಾರೆ. ಎರಡು ಶ್ರುತಿಗಳ ನಡುವೆ ಅದು ತೂಗಾಡುತ್ತದೆ. ಬೇಸ್ ಗಿಟಾರ್ ಹೆಜ್ಜೆಯಿಡಬೇಕಾದ ಸ್ವರದ ಮೇಲೆ ಇಡದೆ ಪಕ್ಕದ ಮೆಟ್ಟಿಲ ಮೇಲೆ ಇಡುತ್ತದೆ. ಕೇಳುವವರಿಗೆ ನೆಲ ಸಿಕ್ಕಿತು ಎನ್ನುವಷ್ಟರಲ್ಲಿ ಸರಿದುಹೋಗುತ್ತದೆ. ಮಾತಿನಲ್ಲಿರುವ ಅನುಮಾನವೇ ಸ್ವರದಲ್ಲೂ ಇದೆ. ಹತ್ತೊಂಬತ್ತು ವರ್ಷದ ಕಾರ್ಲ್ ಇದನ್ನು ಹಾಡಿದ್ದಾನೆ. ತನಗಿಂತ ತಮ್ಮನ ಕಂಠದಲ್ಲಿ ಇದು ಚೆನ್ನಾಗಿ ಬರುತ್ತದೆಂದು ಬ್ರಯನ್ ಅವನಿಗೆ ಬಿಟ್ಟುಕೊಟ್ಟ. ಕಾರ್ಲ್ ಎಲ್ಲಿಯೂ ಧ್ವನಿ ಏರಿಸುವುದಿಲ್ಲ, ಎಲ್ಲಿಯೂ ಅಳುವುದಿಲ್ಲ. ಒಂದು ಮಾತನ್ನು ಹೇಳಲೇಬೇಕಾಗಿ ಬಂದ ಸಂಕೋಚದ ಹುಡುಗನಂತೆ ಹಾಡುತ್ತಾನೆ.

ಹಾಡಿನ ಕೊನೆಯಲ್ಲಿ ಒಂದೇ ಸಾಲನ್ನು ಮೂರು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಂಡು ಸುತ್ತುತ್ತವೆ. ಆ ದಿನ ಕೆಲಸ ಮುಗಿಯುವ ಹೊತ್ತಿಗೆ ದಣಿದಿದ್ದ ಕಾರ್ಲ್ ಮನೆಗೆ ಹೊರಟುಹೋಗಿದ್ದ. 1965ರಲ್ಲಿ ತಂಡ ಸೇರಿದ ಬ್ರೂಸ್ ಜಾನ್‌ಸ್ಟನ್ ಹೇಳಿರುವ ಪ್ರಕಾರ ಆ ಸುತ್ತಿನಲ್ಲಿ ನಡುವಿನ ಧ್ವನಿ ಬ್ರೂಸ್‌ನದು, ಮೇಲಿನದೂ ಕೆಳಗಿನದೂ ಬ್ರಯನ್‌ನದೇ. ನನಗೆ ಇದು ಬಹಳ ಪ್ರಿಯವಾದ ಸಂಗತಿ. ಮಲಗುವ ಕೋಣೆಯಲ್ಲಿ ತಮ್ಮಂದಿರಿಗೆ ಒಂದೊಂದು ಸ್ವರ ಹಂಚಿಕೊಡುತ್ತಿದ್ದ ಅಣ್ಣ, ತಮ್ಮ ಮಲಗಲು ಹೋದ ಮೇಲೆ ಅವನ ಪಾಲನ್ನೂ ತಾನೇ ಹಾಡಿ ಮುಗಿಸಿದ.

ವಾದ್ಯಗಳ ವಿಷಯದಲ್ಲಿ ತಮ್ಮ ಮೊಮ್ಮಗ ಹೇಳಿದ್ದು ಬಹುಮಟ್ಟಿಗೆ ನಿಜ. ಆರಂಭದ ಹಾಡುಗಳಲ್ಲಿ ಇವರೇ ನುಡಿಸಿದ್ದಾರೆ. 1965ರ ಹೊತ್ತಿಗೆ ಬ್ರಯನ್ ಲಾಸ್ ಏಂಜಲೀಸಿನ ವೃತ್ತಿಪರ ವಾದ್ಯಗಾರರನ್ನು ಕರೆಸಿಕೊಳ್ಳತೊಡಗಿದ. ಡ್ರಮ್ಸ್‌ಗೆ ಹಾಲ್ ಬ್ಲೇನ್. ಬೇಸ್ ಗಿಟಾರಿಗೆ ಕ್ಯಾರಲ್ ಕೇ, ಗಂಡಸರೇ ತುಂಬಿದ್ದ ಆ ಸ್ಟುಡಿಯೊಗಳಲ್ಲಿ ಸರಿಸಮನಾಗಿ ನಿಂತು ನುಡಿಸಿದ ಹೆಣ್ಣುಮಗಳು. ಪ್ರತಿಯೊಬ್ಬರೂ ಏನು ನುಡಿಸಬೇಕೆಂದು ಬ್ರಯನ್ ಹೇಳುತ್ತಿದ್ದ, ಕೆಲವೊಮ್ಮೆ ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ಸೈಕಲ್ ಗಂಟೆ, ಕೋಕಾ ಕೋಲಾ ಡಬ್ಬಿ, ಪಿಯಾನೊದ ಮನೆಗಳನ್ನು ಬಿಟ್ಟು ನೇರವಾಗಿ ತಂತಿಯನ್ನೇ ಮೀಟಿದ ನಾದ, ಅವನ ಎರಡು ನಾಯಿಗಳ ಬೊಗಳು, ಹಾದುಹೋಗುವ ರೈಲು, ಎಲ್ಲಕ್ಕೂ ಆ ಆಲ್ಬಂನಲ್ಲಿ ಜಾಗ ಸಿಕ್ಕಿದೆ. ವಾದ್ಯಗಳನ್ನೆಲ್ಲ ಒಂದೇ ಟ್ರ್ಯಾಕಿಗೆ ಅಡಕಮಾಡಿ, ಎಂಟು ಟ್ರ್ಯಾಕಿನ ಯಂತ್ರದಲ್ಲಿ ಉಳಿದವುಗಳಲ್ಲಿ ಹೆಚ್ಚಿನವನ್ನು ಕಂಠಗಳಿಗೇ ಬಿಡುತ್ತಿದ್ದ. ಅವನಿಗೆ ಯಾವುದು ಮುಖ್ಯವಾಗಿತ್ತೆಂದು ಈ ಲೆಕ್ಕವೇ ಹೇಳುತ್ತದೆ. ಒಂದೇ ಕಿವಿ ಕೇಳುತ್ತಿದ್ದುದರಿಂದ ಎಡಬಲವಾಗಿ ಹರಡುವ ಸ್ಟೀರಿಯೊ ಅವನಿಗೆ ಬೇಕಿರಲಿಲ್ಲ. ಮೊನೊದಲ್ಲಿ, ಒಂದೇ ಬಿಂದುವಿನಿಂದ ಹೊರಡುವಂತೆ ಎಲ್ಲವನ್ನೂ ಕಟ್ಟಿದ.

ಹಾಡಿನ ವಿಷಯಗಳ ಬಗ್ಗೆ ತಮ್ಮ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಮೊದಲ ಮೂರು ವರ್ಷದ ಹಲವು ಹಾಡುಗಳ ಮಾತು ತೆಳು. 1963ರ ‘ಸರ್ಫಿನ್ ಯು.ಎಸ್.ಎ.’ಯ ಮಟ್ಟು ಚಕ್ ಬೆರಿಯ ಹಾಡೊಂದರದು. ಮೊದಲು ಲೇಬಲ್ಲಿನ ಮೇಲೆ ಬ್ರಯನ್ ಹೆಸರೊಂದೇ ಇತ್ತು, ಬೆರಿಗೆ ಸಲ್ಲಬೇಕಾದ ಹೆಸರು ತಡವಾಗಿ ಸಂದಿತು. ಅದನ್ನು ಮುಚ್ಚಿಟ್ಟು ಹೊಗಳುವುದು ನನಗೆ ಬೇಡ. ಆದರೆ ಎರಡೂವರೆ ನಿಮಿಷದ ಅಳತೆಯನ್ನು ಕೊರತೆಯೆಂದು ನಾನು ಎಣಿಸಲಾರೆ. ವಚನ ಎಷ್ಟು ಸಾಲು? ತ್ರಿಪದಿ ಎಷ್ಟು ಸಾಲು?

ಅದೇ 1966ರಲ್ಲಿ ಫೆಬ್ರುವರಿಯಿಂದ ಆರಂಭಿಸಿ ತಿಂಗಳುಗಟ್ಟಲೆ, ನಾಲ್ಕು ಸ್ಟುಡಿಯೊಗಳಲ್ಲಿ ತುಣುಕುತುಣುಕಾಗಿ ಮುದ್ರಿಸಿ ಜೋಡಿಸಿದ ‘ಗುಡ್ ವೈಬ್ರೇಶನ್ಸ್’ ಅಕ್ಟೋಬರಿನಲ್ಲಿ ಹೊರಬಂತು. ಉದ್ದ ಮೂರೂವರೆ ನಿಮಿಷ. ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ‘ಪೆಟ್ ಸೌಂಡ್ಸ್’ ತಮ್ಮ ಮೇಲೆ ಮಾಡಿದ ಪ್ರಭಾವವನ್ನು ಮತ್ತೆ ಮತ್ತೆ ಹೇಳಿದ್ದಾರೆ. ಈ ಕೀರ್ತಿಯ ಮಾತು ಇಷ್ಟು ಸಾಕು, ತಮ್ಮಂಥವರು ಮತ್ತೊಬ್ಬರ ಸರ್ಟಿಫಿಕೇಟು ನೋಡಿ ಸಂಗೀತ ಕೇಳುವವರಲ್ಲ.

ಇಷ್ಟು ಹೊತ್ತಿಗೆ ಕಟ್ಟಿದವನೇ ಕುಸಿಯತೊಡಗಿದ್ದ. 1964ರ ಡಿಸೆಂಬರಿನಲ್ಲಿ ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಬ್ರಯನ್ ತಡೆಯಲಾರದ ಗಾಬರಿಯಿಂದ ಅತ್ತುಬಿಟ್ಟಿದ್ದ. ಆಮೇಲೆ ತಂಡದ ಜೊತೆ ಊರೂರು ತಿರುಗುವುದನ್ನು ಬಿಟ್ಟ. ‘ಗುಡ್ ವೈಬ್ರೇಶನ್ಸ್’ ನಂತರ ‘ಸ್ಮೈಲ್’ ಎಂಬ ಆಲ್ಬಂ ಕೈಗೆತ್ತಿಕೊಂಡು 1967ರಲ್ಲಿ ಅರ್ಧಕ್ಕೇ ಕೈಬಿಟ್ಟ. ಮನೋರೋಗ, ಮಾದಕವಸ್ತು, ತಂಡದೊಳಗಿನ ಜಗಳ ಎಲ್ಲವೂ ಸೇರಿದ್ದವು. 1969ರಲ್ಲಿ ತಂದೆ ಮರ್ರಿ ಮಗನ ಹಾಡುಗಳ ಪ್ರಕಾಶನ ಹಕ್ಕನ್ನು ಏಳು ಲಕ್ಷ ಡಾಲರಿಗೆ ಮಾರಿದರು. ಆ ಮಾರಾಟದ ಕಾಗದವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಸ್ಮೈಲ್’ ಪೂರ್ಣರೂಪದಲ್ಲಿ ವೇದಿಕೆಗೆ ಬಂದದ್ದು 2004ರ ಫೆಬ್ರುವರಿಯಲ್ಲಿ, ಲಂಡನ್ನಿನಲ್ಲಿ. ಬ್ರಯನ್‌ಗೆ ಆಗ ಅರವತ್ತೊಂದು.

ನಮ್ಮ ನೆಲದ ಜೊತೆಗೂ ಇವರಿಗೆ ಒಂದು ಎಳೆಯಿದೆ. ಮೈಕ್ ಲವ್ 1968ರಲ್ಲಿ ಹೃಷಿಕೇಶದ ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ, ಬೀಟಲ್ಸ್ ಇದ್ದ ಸಮಯದಲ್ಲೇ ಇದ್ದ. ಅದೇ ವರ್ಷ ಯೋಗಿಗಳನ್ನು ಜೊತೆಗೆ ಕರೆದುಕೊಂಡು ಅಮೆರಿಕದಲ್ಲಿ ಹೊರಟ ಸಂಗೀತ ಪ್ರವಾಸ ಕೆಲವೇ ದಿನದಲ್ಲಿ ನಿಂತುಹೋಯಿತು. ಧ್ಯಾನವನ್ನು ಮಾತ್ರ ಮೈಕ್ ಬಿಡಲಿಲ್ಲ.

ಡೆನಿಸ್ 1983ರ ಡಿಸೆಂಬರ್ 28ರಂದು ನೀರಿನಲ್ಲಿ ಮುಳುಗಿ ತೀರಿಕೊಂಡ, ಮೂವತ್ತೊಂಬತ್ತರ ವಯಸ್ಸಿಗೆ. ಅಲೆಯನ್ನು ನಿಜವಾಗಿ ಬಲ್ಲವನು ಅವನೊಬ್ಬನೇ ಆಗಿದ್ದ. ಕಾರ್ಲ್ 1998ರ ಫೆಬ್ರುವರಿಯಲ್ಲಿ ಕ್ಯಾನ್ಸರಿನಿಂದ ಹೋದ. ಬ್ರಯನ್ 2025ರ ಜೂನ್ 11ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ. ಹಾಥಾರ್ನಿನ ಆ ಮನೆಯೂ ಇಲ್ಲ. ಎಂಬತ್ತರ ದಶಕದಲ್ಲಿ ಹೆದ್ದಾರಿಗಾಗಿ ಕೆಡವಿದರು, ಈಗ ಅಲ್ಲಿ ಇಟ್ಟಿಗೆಯ ಒಂದು ಸ್ಮಾರಕವಿದೆ. ಮಲಗುವ ಕೋಣೆ, ಅದರಲ್ಲಿ ಮಲಗಿದ ಮೂವರು, ಯಾರೂ ಉಳಿದಿಲ್ಲ. ‘ಇನ್ ಮೈ ರೂಮ್’ನ ಮೊದಲ ಚರಣದಲ್ಲಿ ಮೂವರೂ ಇದ್ದಾರೆ.

ತಮ್ಮಲ್ಲಿ ಒಂದು ಬೇಡಿಕೆ. ಮೊಮ್ಮಗನ ಬಳಿ ಹೆಡ್‌ಫೋನ್ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಮೊದಲು ‘ಅವರ್ ಪ್ರೇಯರ್’ ಹಾಕಿಸಿಕೊಳ್ಳಿ. ಅದರಲ್ಲಿ ಮಾತೂ ಇಲ್ಲ, ವಾದ್ಯವೂ ಇಲ್ಲ. ಬರಿಯ ಆಕಾರದಲ್ಲಿ ಧ್ವನಿಗಳು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಸರಿದಾಡುತ್ತವೆ. ಮೇಲಿನ ಧ್ವನಿಯ ಹಿಂದೆ ಹೋಗಬೇಡಿ, ತೀರ ಕೆಳಗಿನದನ್ನು ಹಿಡಿದು ಅದರ ಜೊತೆಯಲ್ಲೇ ಹೋಗಿ. ಎರಡನೇ ಸಲ ಕೇಳುವಾಗ ನಡುವಿನ ಒಂದನ್ನು ಹಿಡಿಯಿರಿ. ಆಮೇಲೆ ‘ಇನ್ ಮೈ ರೂಮ್’. ಅದರ ನಂತರ ‘ಗಾಡ್ ಓನ್ಲಿ ನೋಸ್’, ಮೊದಲು ವಾದ್ಯಗಳಿಲ್ಲದ ರೂಪದಲ್ಲಿ, ಬಳಿಕ ಪೂರ್ಣವಾಗಿ. ಕೊನೆಯಲ್ಲಿ ಧ್ವನಿಗಳು ಸುತ್ತುತ್ತ ಸುತ್ತುತ್ತ ಸಣ್ಣಗಾಗುವಾಗ ಮುಗಿಯಿತೆಂದು ನಿಲ್ಲಿಸಬೇಡಿ, ಪೂರ್ತಿ ಆರುವವರೆಗೂ ಕೇಳಿ.

ಇಷ್ಟಾದ ಮೇಲೆ ಇನ್ನೂ ಒಂದು ಕೆಲಸ ಮಾಡಬಹುದಾದರೆ, ಆ ಸುತ್ತಿನ ಒಂದು ಧ್ವನಿಯನ್ನು ಮೊಮ್ಮಗನಿಗೆ ಕಲಿಸಿ, ಇನ್ನೊಂದನ್ನು ತಾವು ಹಾಡಿ. ಮೊದಲ ದಿನ ಅವನು ಖಂಡಿತ ತಮ್ಮ ಸ್ವರಕ್ಕೇ ಜಾರಿ ಬರುತ್ತಾನೆ. ನಾಲ್ಕನೆಯ ದಿನ ಏನಾಯಿತೆಂದು ನನಗೆ ಬರೆದು ತಿಳಿಸಿ. ಆ ಪತ್ರಕ್ಕೂ ಈ ಪುಟದಲ್ಲಿ ಜಾಗ ಇಡುತ್ತೇನೆ.

– ಸಂಪಾದಕ